ಕಂಗಿನ ತೋಟದ ಅಂಕಿಗಳಿಗೆ ಯಾವ ಲೈಬ್ರರಿ? ಸೈಪೈ, ಸ್ಟ್ಯಾಟ್ಸ್‌ಮಾಡೆಲ್ಸ್, ಸೈಕಿಟ್-ಲರ್ನ್, ಆರ್

ಈ ಮಳೆಗಾಲದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ನಾಲ್ಕು ಜನ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪ್ರಶ್ನೆ ಕೇಳಿದರು. ಬದಿಯಡ್ಕ ಕಡೆಯ ಒಬ್ಬ ಹುಡುಗ ಅಪ್ಪ ಬರೆದಿಟ್ಟ ಮಳೆ ಡೈರಿಯನ್ನು ಎಕ್ಸೆಲ್‌ಗೆ ಏರಿಸಿದ್ದಾನೆ. ಪೆರಿಯದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವ ಹುಡುಗಿಗೆ ಗೊಬ್ಬರದ ಪ್ರಯೋಗದ ರಿಪೋರ್ಟು ಕೊಡುವ ದಿನ ಹತ್ತಿರ ಬಂದಿದೆ. ಕುಂಬಳೆಯಿಂದ ದಿನಾ ರೈಲು ಹತ್ತಿ ಮಂಗಳೂರಿಗೆ ಹೋಗುವ ಪ್ರೋಗ್ರಾಮರ್‌ಗೆ ಅಡಿಕೆಯ ಕೊಳೆರೋಗದ ಮುನ್ಸೂಚನೆ ಕೊಡುವ ಆ್ಯಪ್ ಕಟ್ಟಬೇಕು. ಮುಳ್ಳೇರಿಯಾದ ಮೇಷ್ಟ್ರಿಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ಸರಾಸರಿ, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಇವನ್ನು ಕಂಪ್ಯೂಟರಿನಲ್ಲಿ ತೋರಿಸಬೇಕು.

"ಯಾವ ಲೈಬ್ರರಿ ಒಳ್ಳೇದು?" ಅಂತ ಕೇಳಿದವರಿಗೆಲ್ಲ ಒಂದೇ ಹೆಸರು ಹೇಳಿ ಕಳಿಸಬಹುದಿತ್ತು. ಆದರೆ ನಾಲ್ವರಿಗೂ ಬೇಕಾದ್ದು ಬೇರೆ ಬೇರೆ. ಲೈಬ್ರರಿ ಅಂದರೆ ಯಾರೋ ಮೊದಲೇ ಬರೆದಿಟ್ಟ ಕೋಡಿನ ಕಟ್ಟು. ತಲೆಬರಹದ ಮೊದಲ ಮೂರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವು, ಆರ್ ಮಾತ್ರ ತಾನೇ ಒಂದು ಭಾಷೆ. ಮೊದಲು ಅಳತೆಗೋಲು ಇಟ್ಟುಕೊಳ್ಳೋಣ, ಆಮೇಲೆ ಒಂದೊಂದನ್ನೇ ಅದರ ಪಕ್ಕ ನಿಲ್ಲಿಸಿ ನೋಡೋಣ.

ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು

ವೇಗವನ್ನು ಮೊದಲೇ ಬಿಟ್ಟುಬಿಡಿ. ನಲವತ್ತು ವರ್ಷದ ದಿನದಿನದ ಮಳೆ ಲೆಕ್ಕ ಅಂದರೆ 14,610 ಸಾಲು. ಹಳೇ ಲ್ಯಾಪ್‌ಟಾಪಿಗೂ ಅದು ಏನೂ ಅಲ್ಲ. ಬೆಲೆಯೂ ಬೇಡ. ಇಲ್ಲಿ ಹೋಲಿಸುವ ಲೈಬ್ರರಿಗಳೂ ಆರ್ ಕೂಡ ಉಚಿತ, ಎಲ್ಲದರ ಸೋರ್ಸ್ ಕೋಡೂ ತೆರೆದೇ ಇದೆ. ಖರ್ಚಾಗುವುದು ಡೇಟಾ ಪ್ಯಾಕು, ಡಿಸ್ಕಿನ ಜಾಗ ಮತ್ತು ನಿಮ್ಮ ರಾತ್ರಿಗಳು.

ನಾನು ಮೊದಲು ನೋಡುವುದು ಪ್ರಶ್ನೆಯನ್ನು. "ಈ ಗೊಬ್ಬರದಿಂದ ಇಳುವರಿ ನಿಜವಾಗಿಯೂ ಹೆಚ್ಚಾಯಿತಾ?" ಅನ್ನುವುದು ಒಂದು ಜಾತಿ. "ಮುಂದಿನ ವಾರ ಕೊಳೆ ಬರುತ್ತದಾ?" ಅನ್ನುವುದು ಇನ್ನೊಂದು ಜಾತಿ. ಮೊದಲನೆಯದಕ್ಕೆ ಪಿ-ಮೌಲ್ಯ (ಗೊಬ್ಬರದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಸುಮ್ನೆ ಕಾಣುವ ಸಂಭವ), ವಿಶ್ವಾಸಾಂತರ (ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ) ಬೇಕು. ಎರಡನೆಯದಕ್ಕೆ ಊಹೆ ಸರಿಯಾದರೆ ಸಾಕು. ಒಂದು ಲೈಬ್ರರಿ ಎರಡನ್ನೂ ಅಷ್ಟೇ ಚೆನ್ನಾಗಿ ಮಾಡುವುದು ಕಡಿಮೆ.

ಎರಡನೆಯದು, ನಿಮ್ಮ ಲೆಕ್ಕವನ್ನು ಪರೀಕ್ಷಿಸುವವರು ಯಾರು? ಗೈಡಾ, ಪತ್ರಿಕೆಯ ವಿಮರ್ಶಕರಾ, ಆ್ಯಪ್ ಬಳಸುವ ಕೃಷಿಕರಾ? ಅವರು ಏನು ಕೇಳುತ್ತಾರೋ ಅದನ್ನು ಸುಲಭವಾಗಿ ಕೊಡುವ ಸಾಧನ ಬೇಕು.

ಮೂರನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು. ಲೈಬ್ರರಿ ನಿಮ್ಮನ್ನು ಕೇಳದೆ ಏನನ್ನು ತೀರ್ಮಾನಿಸಿಬಿಡುತ್ತದೆ? ಪ್ರತಿ ಫಂಕ್ಷನ್ನಿನ ಒಳಗೂ ಡಿಫಾಲ್ಟ್‌ಗಳು ಕೂತಿರುತ್ತವೆ. ನಾವು ಏನೂ ಹೇಳದಿದ್ದರೆ ಅವೇ ನಡೆಯುತ್ತವೆ. ಒಂದೇ ಅಂಕಿಯನ್ನು ಎರಡು ಲೈಬ್ರರಿಗೆ ಕೊಟ್ಟು ಎರಡು ಉತ್ತರ ಬಂದರೆ, ಹೆಚ್ಚಿನ ಸಲ ಕಾರಣ ಇದೇ.

ಇನ್ನು ನಮ್ಮ ಊರಿನದೇ ಎರಡು ವಿಷಯ. ಜೂನ್ ಬಂತೆಂದರೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುತ್ತವೆ, ಹಾಗಾಗಿ ನೆಟ್ ಇಲ್ಲದೆ ಕೆಲಸ ನಡೆಯಬೇಕು. ಮತ್ತೆ ಕಾಲಂ ಹೆಸರು, ಗ್ರಾಫಿನ ಬರಹ ಕನ್ನಡದಲ್ಲಿ ಇದ್ದರೆ ಸರಿಯಾಗಿ ಕಾಣಬೇಕು.

ಐದು ಮರ, ಎರಡು ಉತ್ತರ

ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಅಂಕಿಯಲ್ಲೇ ನೋಡಿ. ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಐದು ಕಂಗಿನ (ಅಡಿಕೆ) ಮರ. ಹಣ್ಣಡಿಕೆಯ ತೂಕ 12, 14, 14, 15, 20 ಕಿಲೋ. ಸರಾಸರಿ 15. ಮಾನಕ ವಿಚಲನೆ ಎಷ್ಟು? ಪೈಥಾನಿನ ಮೂಲ ಲೆಕ್ಕದ ಲೈಬ್ರರಿ ನಂಪೈಯನ್ನು ಕೇಳಿದರೆ 2.68 ಅನ್ನುತ್ತದೆ. ಪಟ್ಟಿಯ ರೂಪದ ಡೇಟಾಕ್ಕೆಂದು ಪೈಥಾನಿನಲ್ಲೇ ಇರುವ ಪಾಂಡಾಸನ್ನು ಕೇಳಿದರೆ 3 ಅನ್ನುತ್ತದೆ. ಆರ್ ಕೂಡ 3 ಅನ್ನುತ್ತದೆ. ಪೆನ್ನು ಹಿಡಿದು ಮಾಡಿ: ವ್ಯತ್ಯಾಸಗಳ ವರ್ಗ ಕೂಡಿದರೆ 36. ನಂಪೈ ಅದನ್ನು 5ರಿಂದ ಭಾಗಿಸುತ್ತದೆ, ಉಳಿದವು 4ರಿಂದ. ಐದೇ ಮರ ನಿಮ್ಮ ಇಡೀ ತೋಟವಾದರೆ 5 ಸರಿ. ದೊಡ್ಡ ತೋಟದಿಂದ ಐದನ್ನು ಆರಿಸಿದ್ದಾದರೆ 4 ಸರಿ. ನಮ್ಮ ಕೆಲಸದಲ್ಲಿ ಹೆಚ್ಚಾಗಿ ಎರಡನೆಯದೇ.

ಸಾವಿರ ಮರ ಇದ್ದಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಐದು, ಹತ್ತು ಮರಕ್ಕೆ ಕಾಣುತ್ತದೆ. ಮನೆಯ ತೋಟದಲ್ಲಿ ಮಾಡುವ ಪ್ರಯೋಗಗಳೆಲ್ಲ ಅಷ್ಟೇ ಚಿಕ್ಕವು ಅಲ್ವಾ?

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಈ ಐದು ಮರಕ್ಕೆ ಹೊಸ ಗೊಬ್ಬರ ಹಾಕಿಲ್ಲ: ಸರಾಸರಿ 15, ವಿಚಲನೆ 3. ಗೊಬ್ಬರ ಹಾಕಿದ ಹತ್ತು ಮರದ ಸರಾಸರಿ 17.5, ವಿಚಲನೆ 1. ಎರಡೂವರೆ ಕಿಲೋ ಜಾಸ್ತಿ ಬಂದದ್ದು ಗೊಬ್ಬರದಿಂದಲಾ, ಸುಮ್ನೆ ಬಂತಾ? ಇದಕ್ಕೆ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್. ಸೈಪೈಯ ಟಿ-ಟೆಸ್ಟ್ ಏನೂ ಬದಲಿಸದೆ ಓಡಿಸಿದರೆ ಪಿ-ಮೌಲ್ಯ ಸುಮಾರು 0.03. ಆರ್‌ನಲ್ಲಿ ಏನೂ ಬದಲಿಸದೆ ಓಡಿಸಿದರೆ ಸುಮಾರು 0.14. ರೂಢಿಯ 0.05ರ ಗೆರೆ ಇಟ್ಟುಕೊಂಡವರಿಗೆ ಒಂದು ಕಡೆ "ಗೊಬ್ಬರ ಕೆಲಸ ಮಾಡಿದೆ", ಇನ್ನೊಂದು ಕಡೆ "ಹೇಳಲು ಆಗದು".

ಯಾರದ್ದೂ ಲೆಕ್ಕ ತಪ್ಪಿಲ್ಲ. ಗಾಸೆಟ್ ಎಂಬವರು 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ ಲೇಖನದಿಂದ ಬೆಳೆದ ಹಳೆಯ ಪರೀಕ್ಷೆಯನ್ನು ಸೈಪೈ ಹಿಡಿಯುತ್ತದೆ. ಅದು ಎರಡೂ ಗುಂಪಿನ ಚದುರುವಿಕೆ ಒಂದೇ ಎಂದು ನಂಬುತ್ತದೆ. ವೆಲ್ಚ್ 1947ರಲ್ಲಿ ಕೊಟ್ಟ ತಿದ್ದುಪಡಿಯನ್ನು ಆರ್ ಹಿಡಿಯುತ್ತದೆ. ಅದು ಹಾಗೆ ನಂಬುವುದಿಲ್ಲ. ಇಲ್ಲಿ ಒಂದು ಗುಂಪಿನ ವಿಚಲನೆ 3, ಇನ್ನೊಂದರದ್ದು 1, ಅದರ ಮೇಲೆ ಹೆಚ್ಚು ಚದುರಿದ ಗುಂಪೇ ಚಿಕ್ಕದು. ಇಂಥ ಕಡೆ ವೆಲ್ಚ್ ದಾರಿಯೇ ಸರಿ. ಸೈಪೈಯಲ್ಲೂ ಅದು ಇದೆ, 'ಈಕ್ವಲ್-ವಾರ್' ಎಂಬುದನ್ನು 'ಫಾಲ್ಸ್' ಮಾಡಬೇಕು ಅಷ್ಟೇ. ಆದರೆ ಮಾಡಬೇಕು ಅಂತ ಗೊತ್ತಿರಬೇಕಲ್ಲ.

ಪಾಂಡಾಸ್ ಮತ್ತು ಸೈಪೈ

ಪೈಥಾನ್ ಮೊದಲೇ ಗೊತ್ತಿದ್ದವರಿಗೆ ಇದೇ ಹತ್ತಿರದ ಬಾಗಿಲು. ಪಾಂಡಾಸ್‌ನಲ್ಲಿ ಡೇಟಾ ತೊಳೆದು, ಸೈಪೈಯಲ್ಲಿ ಪರೀಕ್ಷೆ ಓಡಿಸುವುದು. ಮಳೆ ಡೈರಿಯ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಮಳೆಯ ಅಂಕಿ ಗಂಟೆಯಾಕಾರದಲ್ಲಿ ಕೂರುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಸಾಲು ಸಾಲು ಸೊನ್ನೆ, ಜುಲೈಯಲ್ಲಿ ಒಂದೇ ದಿನ ಡೈರಿಯ ಪುಟ ತುಂಬುವಷ್ಟು. ಹಾಗಾಗಿ ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆಯಾ ಅಂತ ನೋಡಲು ದಿನದ ಅಂಕಿಯನ್ನು ವರ್ಷದ ಮೊತ್ತ ಮಾಡಿಕೊಂಡು, ಕೆಂಡಾಲ್ ಸಹಸಂಬಂಧ (ವರ್ಷ ಹೋದಂತೆ ಮೊತ್ತ ಒಂದೇ ದಿಕ್ಕಿಗೆ ಸಾಗುತ್ತದಾ) ಮತ್ತು ಥೀಲ್-ಸೆನ್ ಇಳಿಜಾರು (ವರ್ಷಕ್ಕೆ ಎಷ್ಟು ಏರಿಳಿಯುತ್ತದೆ) ನೋಡುವುದು ಒಳ್ಳೆಯದು. ಎರಡೂ ಸೈಪೈಯಲ್ಲಿವೆ. ಒಂದು ವರ್ಷದ ವಿಪರೀತ ಮಳೆ ಇಡೀ ಗೆರೆಯನ್ನು ಎಳೆದುಕೊಂಡು ಹೋಗುವುದಿಲ್ಲ.

ಆದರೆ ಪಾಂಡಾಸ್‌ನಲ್ಲಿ ಒಂದು ಗುಣವಿದೆ, ಅದರಿಂದ ನನಗೇ ಪೆಟ್ಟು ಬಿದ್ದಿದೆ. ಖಾಲಿ ಕೋಶ ಕಂಡರೆ ಅದು ಮಾತಾಡದೆ ಬಿಟ್ಟು ಸರಾಸರಿ ತೆಗೆಯುತ್ತದೆ. ಹತ್ತಿರದ ತೋಟವೊಂದರ ಇಪ್ಪತ್ತು ಮರದ ಲೆಕ್ಕ ಮಾಡಿಕೊಟ್ಟಿದ್ದೆ. ಆರು ಕೋಶ ಖಾಲಿ ಇತ್ತು. ಉಳಿದ ಹದಿನಾಲ್ಕರ ಸರಾಸರಿ 15 ಕಿಲೋ ಬಂತು, ಹಾಗೇ ಬರೆದುಕೊಟ್ಟೆ. ತೋಟದವರು ಕಾಗದ ನೋಡಿ, "ನನ್ನ ತೋಟದಲ್ಲಿ ಇಷ್ಟು ಬರ್ಲಿಕ್ಕಿಲ್ಲ" ಅಂದರು. ಕೂತು ಒಂದೊಂದೇ ಮರ ಕೇಳಿದೆ. ಆರರಲ್ಲಿ ಎರಡು ಮರ ತೂಗಲು ಮರೆತದ್ದು. ನಾಲ್ಕು ಮರದ ಕಾಯೆಲ್ಲ ಕೊಳೆರೋಗಕ್ಕೆ ಉದುರಿ ತೂಗಲು ಏನೂ ಇರಲಿಲ್ಲ. ಅಂದರೆ ಆ ನಾಲ್ಕು ಖಾಲಿ ಅಲ್ಲ, ಸೊನ್ನೆ. 210 ಕಿಲೋವನ್ನು 18ರಿಂದ ಭಾಗಿಸಬೇಕಿತ್ತು: 11.7 ಕಿಲೋ.

ಆರ್ ಆಗಿದ್ದರೆ ಅಲ್ಲೇ ನಿಲ್ಲಿಸುತ್ತಿತ್ತು. ಒಂದು ಕೋಶ ಖಾಲಿ ಇದ್ದರೂ ಅದರ ಸರಾಸರಿ 'ಎನ್‌ಎ' ಅಂತ ಬರುತ್ತದೆ. ಹೊಸಬರಿಗೆ ಅದು ಕಿರಿಕಿರಿ. ನನಗೆ ಈಗ ಅದು ಇಷ್ಟ, ಯಾಕೆಂದರೆ "ಈ ಖಾಲಿ ಜಾಗ ಏನು?" ಅಂತ ಕೇಳುವ ಹಾಗೆ ಮಾಡುತ್ತದೆ. ಪಾಂಡಾಸ್ ಬಳಸುವವರು ಸರಾಸರಿ ತೆಗೆಯುವ ಮೊದಲು ಎಷ್ಟು ಕೋಶ ಖಾಲಿ ಇವೆ ಎಂದು ಎಣಿಸುವ ಒಂದು ಸಾಲನ್ನು ಕೈಯಾರೆ ಬರೆಯಬೇಕು. ನಾನು ಈಗ ಅದನ್ನು ಬಿಡುವುದೇ ಇಲ್ಲ.

ಸ್ಟ್ಯಾಟ್ಸ್‌ಮಾಡೆಲ್ಸ್

ಪೈಥಾನ್ ಬಿಡಲು ಮನಸ್ಸಿಲ್ಲ, ಆದರೆ ರಿಗ್ರೆಶನ್ನಿನ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಗೆರೆ ಎಳೆದು ನೋಡುವ ಲೆಕ್ಕ) ಪೂರ್ತಿ ಪಟ್ಟಿ ಬೇಕು, ಪಿ-ಮೌಲ್ಯ ಬೇಕು, ವಿಶ್ವಾಸಾಂತರ ಬೇಕು ಅನ್ನುವವರಿಗೆ ಇದು. ಫಲಿತಾಂಶದ ಪಟ್ಟಿ ನೋಡಿದರೆ ಗೈಡ್‌ಗಳು ಗುರುತು ಹಿಡಿಯುತ್ತಾರೆ, ಪಠ್ಯಪುಸ್ತಕದಲ್ಲಿ ಕಾಣುವ ರೂಪವೇ.

ಇದರ ಗುಂಡಿ ಎಲ್ಲಿದೆ ಎಂದರೆ, ಓಎಲ್ಎಸ್ ಎಂಬ ಫಂಕ್ಷನ್ನಿಗೆ ನೇರವಾಗಿ ಅಂಕಿ ಕೊಟ್ಟರೆ ಅದು ಸ್ಥಿರಾಂಕವನ್ನು ತಾನಾಗಿ ಸೇರಿಸುವುದಿಲ್ಲ. ಗೆರೆಯನ್ನು ಸೊನ್ನೆಯ ಮೂಲಕವೇ ಎಳೆಯುತ್ತದೆ. ಗೊಬ್ಬರ ಸೊನ್ನೆ ಅಂದರೆ ಅಡಿಕೆಯೂ ಸೊನ್ನೆ ಅಂದ ಹಾಗೆ. ಗೊಬ್ಬರ ಹಾಕದ ಮರದಲ್ಲೂ ಅಡಿಕೆ ಆಗುತ್ತದೆ ಅಂತ ಯಾವ ಕೃಷಿಕರಿಗೂ ಗೊತ್ತು. ಇನ್ನೂ ಕಷ್ಟ ಏನೆಂದರೆ, ಹೀಗೆ ಮಾಡಿದಾಗ ಆರ್-ವರ್ಗವನ್ನು (ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಆರ್ ಭಾಷೆಗೂ ಇದಕ್ಕೂ ಸಂಬಂಧವಿಲ್ಲ) ಬೇರೆ ರೀತಿ ಲೆಕ್ಕ ಹಾಕುವುದರಿಂದ ಅದು 0.9ರ ಮೇಲೆ ಹೋಗಿ ಚೆಂದ ಕಾಣುವುದುಂಟು. ಪಟ್ಟಿಯಲ್ಲಿ ಆರ್-ವರ್ಗದ ಪಕ್ಕ 'ಅನ್‌ಸೆಂಟರ್ಡ್' ಎಂಬ ಮಾತು ಕಂಡರೆ ನಿಲ್ಲಿಸಿ. ಸೂತ್ರದ ರೂಪದಲ್ಲಿ, ಅಂದರೆ ತೂಕ, ಆಮೇಲೆ ಅಲೆಗೆರೆ (~), ಆಮೇಲೆ ಗೊಬ್ಬರ ಅಂತ ಬರೆದುಕೊಟ್ಟರೆ ಸ್ಥಿರಾಂಕ ತಾನೇ ಬರುತ್ತದೆ. ಹೊಸಬರು ಯಾವಾಗಲೂ ಸೂತ್ರದ ದಾರಿಯಲ್ಲೇ ಹೋಗಿ.

ಸೈಕಿಟ್-ಲರ್ನ್

ಕುಂಬಳೆಯ ಪ್ರೋಗ್ರಾಮರ್‌ಗೆ ಇದು. ತಡಮಾಡದೆ ಹೇಳಿದೆ. ಅವನಿಗೆ ಮಳೆ, ಬಿಸಿಲು, ತೇವ, ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು ಎಂಬುದನ್ನು ಕೊಟ್ಟು "ಅಪಾಯ ಇದೆ, ಇಲ್ಲ" ಎಂಬ ಉತ್ತರ ಪಡೆಯಬೇಕು. ಡೇಟಾವನ್ನು ಎರಡು ಪಾಲು ಮಾಡಿ ಒಂದರಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸುವುದು, ಮಾದರಿಯನ್ನು ಆ್ಯಪಿಗೆ ಜೋಡಿಸುವುದು, ಇದೆಲ್ಲ ಇಲ್ಲಿ ನೀರು ಕುಡಿದಷ್ಟು ಸುಲಭ. ಒಂದೇ ಮಾತು ಸೇರಿಸಿದೆ: ಸಾಲುಗಳನ್ನು ಕಲಸಿ ಪಾಲು ಮಾಡಬೇಡ, ವರ್ಷದ ಲೆಕ್ಕದಲ್ಲಿ ಮಾಡು. ನಿನ್ನೆಯ ಮಳೆಯನ್ನೂ ನಾಳೆಯ ಮಳೆಯನ್ನೂ ತೋರಿಸಿ ಇವತ್ತಿನದ್ದನ್ನು ಊಹಿಸು ಅಂದರೆ ಯಾರಿಗೂ ಸುಲಭವೇ.

ಆದರೆ ಇದನ್ನೇ ಹಿಡಿದು ಪೆರಿಯದ ಹುಡುಗಿ ರಿಪೋರ್ಟು ಬರೆಯಲು ಹೊರಟಿದ್ದಳು. ಅದು ಬೇಡ ಎಂದೆ. ಇದರ ಲೀನಿಯರ್ ರಿಗ್ರೆಶನ್ ಪಿ-ಮೌಲ್ಯ ಕೊಡುವುದೇ ಇಲ್ಲ. ಹೌದು-ಇಲ್ಲ ಎಂಬ ಉತ್ತರಕ್ಕೆ ಬಳಸುವ ಲಾಜಿಸ್ಟಿಕ್ ರಿಗ್ರೆಶನ್ ಅಂತೂ ನೀವು ಹೇಳದಿದ್ದರೂ ಗುಣಾಂಕಗಳನ್ನು (ಒಂದೊಂದು ಕಾರಣದ ಪರಿಣಾಮ ಎಷ್ಟು ಎಂಬ ಸಂಖ್ಯೆ) ಸೊನ್ನೆಯ ಕಡೆಗೆ ಕುಗ್ಗಿಸುತ್ತದೆ. ಊಹೆ ಚೆನ್ನಾಗಿ ಬರಲಿ ಎಂದು ಬೇಕೆಂತಲೇ ಇಟ್ಟ ವ್ಯವಸ್ಥೆ ಅದು. ಆದರೆ ಆ ಗುಣಾಂಕವನ್ನು "ಒಂದು ದಿನ ತಡವಾದರೆ ಅಪಾಯ ಇಷ್ಟು ಹೆಚ್ಚು" ಎಂದು ರಿಪೋರ್ಟಿನಲ್ಲಿ ಬರೆದರೆ, ಅದೇ ಡೇಟಾವನ್ನು ಆರ್‌ನಲ್ಲಿ ಹಾಕಿ ನೋಡಿದ ಗೈಡ್‌ಗೆ ಬೇರೆ ಸಂಖ್ಯೆ ಸಿಗುತ್ತದೆ.

ಆರ್

ಆರ್ ಬೇರೆಯೇ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, ಶುರುಮಾಡಿದ್ದು. 1.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು. ಸಂಖ್ಯಾಶಾಸ್ತ್ರದವರೇ ಸಂಖ್ಯಾಶಾಸ್ತ್ರಕ್ಕೆಂದೇ ಕಟ್ಟಿದ್ದು ಅನ್ನುವುದು ಹೆಜ್ಜೆಹೆಜ್ಜೆಗೂ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯ ಕೆಲಸಕ್ಕೆ ಇದು ಯಾಕೆ ಹತ್ತಿರ ಎಂದರೆ, ಹೊಲದ ಪ್ರಯೋಗದ ಲೆಕ್ಕ ಇದರಲ್ಲಿ ಸೊಗಸಾಗಿ ಆಗುತ್ತದೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ಅದೇ ಮುಂದೆ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಯಿತು. ಹಾಗಾಗಿ ಪ್ಲಾಟು (ಪ್ರಯೋಗದ ತುಂಡು ಜಾಗ), ಬ್ಲಾಕು (ಒಂದೇ ಥರದ ಪ್ಲಾಟುಗಳ ಗುಂಪು) ಅನ್ನುವ ಮಾತು ಇಲ್ಲಿ ಕೃಷಿ ಕುಟುಂಬದ ಮಕ್ಕಳಿಗೂ ಹೊಸದಲ್ಲ. ಆರ್‌ನ 'ಅಗ್ರಿಕೋಲೇ' ಎಂಬ ಪ್ಯಾಕೇಜಿನಲ್ಲಿ (ಆರ್‌ನಲ್ಲಿ ಲೈಬ್ರರಿಗೆ ಹೀಗೆ ಹೆಸರು) ಯಾವ ಗೊಬ್ಬರ ಯಾವುದಕ್ಕಿಂತ ಬೇರೆ ಎಂದು ನೋಡಲು ಕೃಷಿಯವರು ಕೇಳುವ ಎಲ್‌ಎಸ್‌ಡಿ, ಡಂಕನ್ ಪರೀಕ್ಷೆಗಳೆಲ್ಲ ಸಿದ್ಧವಾಗಿವೆ. ಒಂದೇ ಮರವನ್ನು ವರ್ಷ ವರ್ಷ ತೂಗಿದ ಡೇಟಾ ಇದ್ದರೆ 'ಎಲ್ಎಂಇ4' ಎಂಬ ಪ್ಯಾಕೇಜು ಬೇಕಾಗುತ್ತದೆ. ಐದು ಮರವನ್ನು ನಾಲ್ಕು ವರ್ಷ ತೂಗಿದರೆ ಇಪ್ಪತ್ತು ಮರ ಆಗುವುದಿಲ್ಲ, ಅವು ಐದೇ ಮರ. ಈ ಸಂಬಂಧವನ್ನು ಎಲ್ಎಂಇ4ಕ್ಕೆ ಒಂದು ಸಾಲಿನ ಸೂತ್ರದಲ್ಲಿ ಹೇಳಬಹುದು. ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲೂ ಇಂಥ ಲೆಕ್ಕಕ್ಕೆ ಮಿಶ್ರ ಮಾದರಿ ಇದೆ. ಆದರೆ ಮರವೂ ವರ್ಷವೂ ಅಡ್ಡ-ಉದ್ದ ಸೇರಿಕೊಂಡಾಗ ಅಲ್ಲಿ ಬರೆಯುವುದು ತೊಡಕು.

ಆರ್‌ಗೂ ಅದರದೇ ಆದ ಮೌನದ ತೀರ್ಮಾನಗಳಿವೆ. ನಾಲ್ಕು ಗೊಬ್ಬರಕ್ಕೆ 1, 2, 3, 4 ಎಂದು ನಂಬರು ಕೊಟ್ಟಿದ್ದರೆ ಅದು ಅವನ್ನು ನಿಜವಾದ ಸಂಖ್ಯೆ ಎಂದೇ ತಿಳಿಯುತ್ತದೆ. ನಾಲ್ಕನೇ ಗೊಬ್ಬರ ಎರಡನೆಯದರ ದುಪ್ಪಟ್ಟು ಎಂದ ಹಾಗೆ! ಸ್ಟ್ಯಾಟ್ಸ್‌ಮಾಡೆಲ್ಸ್‌ನದ್ದೂ ಇದೇ ಕಥೆ. ಕಂಡುಹಿಡಿಯುವುದು ಸುಲಭ: ಅನೋವಾ (ಹಲವು ಗುಂಪಿನ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ) ಪಟ್ಟಿಯಲ್ಲಿ 'ಡಿಎಫ್' ಎಂಬ ಕಾಲಂ ನೋಡಿ, ಗುಂಪುಗಳ ಸಂಖ್ಯೆಗಿಂತ ಅದು ಒಂದು ಕಡಿಮೆ ಇರುತ್ತದೆ. ನಾಲ್ಕು ಗೊಬ್ಬರ ಇದ್ದರೆ ಅಲ್ಲಿ 3 ಇರಬೇಕು. 1 ಇದ್ದರೆ ಲೆಕ್ಕವೇ ಬೇರೆ ಆಗಿದೆ. ಪೆರಿಯದ ಹುಡುಗಿಯ ಪಟ್ಟಿಯಲ್ಲಿ 1 ಇತ್ತು. ನಂಬರಿನ ಬದಲು ಗೊಬ್ಬರದ ಹೆಸರನ್ನೇ ಬರೆದು ಮತ್ತೆ ಓಡಿಸಿದಳು, ಸರಿಹೋಯಿತು.

ಇನ್ನೊಂದು ಇದೆ. ಪ್ರಯೋಗದ ನಡುವೆ ಕೆಲವು ಮರ ಸತ್ತು ಗುಂಪುಗಳು ಸಮ ಉಳಿಯದಿದ್ದರೆ, ಆರ್‌ನ ಮಾಮೂಲಿ ಅನೋವಾದಲ್ಲಿ ಬ್ಲಾಕನ್ನು ಮೊದಲು ಬರೆದರೆ ಒಂದು ಉತ್ತರ, ಗೊಬ್ಬರವನ್ನು ಮೊದಲು ಬರೆದರೆ ಇನ್ನೊಂದು ಉತ್ತರ ಬರುತ್ತದೆ. ಬ್ಲಾಕನ್ನೇ ಮೊದಲು ಬರೆಯಿರಿ, ಇಲ್ಲವೇ 'ಕಾರ್' ಪ್ಯಾಕೇಜಿನ ಅನೋವಾ ಬಳಸಿ.

ನೆಟ್ಟಿನ ವಿಷಯದಲ್ಲಿ ಆರ್ ನಮಗೆ ಅನುಕೂಲ. ವಿಂಡೋಸಿನ ಮೂಲ ಫೈಲು 100 ಎಂಬಿಗಿಂತ ಕಡಿಮೆ. ಫಂಕ್ಷನ್ನಿನ ಹೆಸರಿಗೆ ಮೊದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ವಿವರಣೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಪೈಥಾನ್ ಕಡೆ ಭಾಷೆಯನ್ನೂ ಲೈಬ್ರರಿಗಳನ್ನೂ ಒಟ್ಟಿಗೆ ಕೊಡುವ ಅನಕೊಂಡದ ಪೂರ್ತಿ ಗಂಟು ಇಳಿಸಿದರೆ ಡಿಸ್ಕಿನಲ್ಲಿ ಹಲವು ಜಿಬಿ ಹೋಗುತ್ತದೆ. ಅದರದೇ ಚಿಕ್ಕ ರೂಪ ಮಿನಿಕೊಂಡ ಹಾಕಿ ಬೇಕಾದ್ದನ್ನು ಮಾತ್ರ ಸೇರಿಸಿಕೊಂಡರೆ ಹಗುರ. ಬ್ರೌಸರಿನಲ್ಲೇ ಕೋಡು ಓಡಿಸುವ ಗೂಗಲ್ ಕೊಲಾಬ್ ಏನೂ ಇನ್‌ಸ್ಟಾಲ್ ಕೇಳುವುದಿಲ್ಲ, ಎರಡೂ ಭಾಷೆ ಓಡುತ್ತವೆ, ಆದರೆ ನೆಟ್ ಹೋದರೆ ಅದೂ ಹೋಯಿತು. ಮಳೆಗಾಲದಲ್ಲಿ ರಿಪೋರ್ಟು ಬರೆಯುವವರು ಅದನ್ನೇ ನಂಬಿ ಕೂರಬೇಡಿ.

ಕನ್ನಡ ಅಕ್ಷರದ ಮಾತು

ಎರಡರಲ್ಲೂ ಕಾಲಂ ಹೆಸರು ಕನ್ನಡದಲ್ಲಿ ಇಡಬಹುದು. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನೇ 'ತೂಕ' ಎಂದು ಇಡಬಹುದು. ವಿಂಡೋಸಿನ ಆರ್‌ನಲ್ಲಿ ಮೊದಲು ಅಕ್ಷರದ ತಲೆನೋವು ಇತ್ತು. 2022ರ 4.2 ಆವೃತ್ತಿಯಿಂದ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್-8 ಸಂಕೇತ ನೇರವಾಗಿ ಬಂದ ಮೇಲೆ ಕಡಿಮೆಯಾಗಿದೆ. ಎಕ್ಸೆಲ್‌ನಿಂದ ಉಳಿಸುವಾಗ ಬರೀ 'ಸಿಎಸ್‌ವಿ' ಆರಿಸಬೇಡಿ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂಬುದನ್ನು ಆರಿಸಿ.

ಗ್ರಾಫಿನಲ್ಲಿ ವ್ಯತ್ಯಾಸ ಇದೆ. ಪೈಥಾನಿನ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟಿನಲ್ಲಿ ಕನ್ನಡ ಇಲ್ಲ, ಖಾಲಿ ಚೌಕ ಬರುತ್ತದೆ. ಕನ್ನಡ ಫಾಂಟು ಕೊಟ್ಟರೂ ನನ್ನ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು 'ಕ್ಷೇತ್ರ' ಓದಲಾಗದ ಹಾಗೆ ಆಯಿತು. ಆರ್‌ನ ಜಿಜಿಪ್ಲಾಟ್2 ಜೊತೆ 'ರಾಗ್' ಎಂಬ ಪ್ಯಾಕೇಜು ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪಂಚಾಯತಿನ ಸಭೆಯಲ್ಲಿ, ಶಾಲೆಯ ಗೋಡೆಯಲ್ಲಿ ಹಾಕುವ ಗ್ರಾಫು ಕನ್ನಡದಲ್ಲೇ ಇರಬೇಕು ಅನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ. ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ಅಂತೂ ಅಲ್ಲವೇ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ಮುಳ್ಳೇರಿಯಾದ ಮೇಷ್ಟ್ರಿಗೆ ಇದ್ಯಾವುದೂ ಬೇಡ. ಪೈಥಾನಿನ ಜೊತೆಗೇ ಬರುವ 'ಸ್ಟ್ಯಾಟಿಸ್ಟಿಕ್ಸ್' ಎಂಬ ಮಾಡ್ಯೂಲು ಸಾಕು, 3.4ರಿಂದ ಇದೆ. ಇಡೀ ತೋಟದ ವಿಚಲನೆಗೂ ಆರಿಸಿದ ಮರಗಳ ವಿಚಲನೆಗೂ ಅದರಲ್ಲಿ ಬೇರೆ ಬೇರೆ ಹೆಸರಿನ ಫಂಕ್ಷನ್ ಇದೆ. 5ರಿಂದ ಭಾಗಿಸುವುದಾ, 4ರಿಂದಲಾ ಎಂಬುದನ್ನು ಮಕ್ಕಳೇ ಆರಿಸಬೇಕು. ಕಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಮಳೆ ಡೈರಿಯ ಹುಡುಗನಿಗೆ ಪಾಂಡಾಸ್, ಸೈಪೈ. ಪ್ರೋಗ್ರಾಮರ್‌ಗೆ ಸೈಕಿಟ್-ಲರ್ನ್. ಅವನ ಆ್ಯಪಿನಲ್ಲಿ "ಯಾಕೆ" ಎಂಬ ಪ್ರಶ್ನೆ ಬಂದರೆ ಪಕ್ಕಕ್ಕೆ ಸ್ಟ್ಯಾಟ್ಸ್‌ಮಾಡೆಲ್ಸ್. ಪೆರಿಯದ ಹುಡುಗಿಗೆ ಆರ್ ಎಂದೆ. ಅವಳ ಕೈಯಲ್ಲಿ ಇದ್ದದ್ದು ಮೂರೇ ವಾರ, ಹೊಸ ಭಾಷೆ ಎಂದು ಹೆದರಿದ್ದಳು. ಆದರೆ ಅವಳ ಡೇಟಾ ನಾಲ್ಕು ಬ್ಲಾಕಿನದು, ಒಂದೇ ಮರಗಳನ್ನು ಎರಡು ವರ್ಷ ತೂಗಿದ್ದು, ಗೈಡ್ ಬಳಸುವುದೂ ಆರ್. ಪೈಥಾನಿನಲ್ಲಿ ಮಾಡಿದ್ದರೆ ಮೂರು ವಾರವೂ ಗೈಡ್‌ಗೆ ವಿವರಿಸುವುದರಲ್ಲೇ ಹೋಗುತ್ತಿತ್ತು. ಗೈಡ್ ಪೈಥಾನಿನವರಾಗಿ, ಪ್ರಯೋಗ ಇಷ್ಟು ತೊಡಕಿನದಲ್ಲದಿದ್ದರೆ ಸ್ಟ್ಯಾಟ್ಸ್‌ಮಾಡೆಲ್ಸ್ ಎನ್ನುತ್ತಿದ್ದೆ.

ಇನ್ನೂ ಎರಡರ ನಡುವೆ ತೂಗುತ್ತಿದ್ದರೆ ಒಂದು ಸಂಜೆ ಹೀಗೆ ಮಾಡಿ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಐದು ಮರ, ಸರಾಸರಿ 15, ವಿಚಲನೆ 3, ಹತ್ತು ಮರ, ಸರಾಸರಿ 17.5, ವಿಚಲನೆ 1. ಸೈಪೈಯಲ್ಲಿ ಸರಾಸರಿ, ವಿಚಲನೆ ಕೊಟ್ಟರೆ ಸಾಕು ಎನ್ನುವ ಟಿ-ಟೆಸ್ಟ್ ಬೇರೆಯೇ ಇದೆ. ಅದನ್ನು ಎರಡೂ ರೀತಿ ಓಡಿಸಿ, 0.03 ಮತ್ತು 0.14 ಎರಡನ್ನೂ ನಿಮ್ಮ ಪರದೆಯಲ್ಲೇ ತರಿಸಿ. ಆಮೇಲೆ ಲೈಬ್ರರಿಯ ಆವೃತ್ತಿ ಸಂಖ್ಯೆಯನ್ನೂ ಯಾವ ಡಿಫಾಲ್ಟ್ ಬದಲಿಸಿದಿರಿ ಎಂಬುದನ್ನೂ ಕೋಡಿನ ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ ಬರೆದಿಡಿ. ಪೆರಿಯದ ಹುಡುಗಿ ಹಾಗೆ ಬರೆದ ಸಾಲನ್ನು ಗೈಡ್ ಓದಿ, ಅದನ್ನು ರಿಪೋರ್ಟಿನ ವಿಧಾನದ ಅಧ್ಯಾಯಕ್ಕೇ ಸೇರಿಸಲು ಹೇಳಿದರಂತೆ.